ಎರಡು ಊರಿನ ಅಲೈನ್‌ಮೆಂಟ್, ಎರಡು ಮೀನು

ಹೋದ ಬುಧವಾರ ಜೇವರ್ಗಿಯಲ್ಲಿ ಒಬ್ಬ ಮಿಸ್ತ್ರಿಯ ಮುಂದೆ ನಾನು ಸುಳ್ಳು ಹೇಳಿದೆ.

ಉದ್ದನೆಯ ಸುಳ್ಳೇನಲ್ಲ. ‘ಗೊತ್ತಿಲ್ರಿ’ ಎಂಬ ಒಂದೇ ಪದ. ಆತ ಕೇಳಿದ್ದೂ ಒಂದೇ ಪ್ರಶ್ನೆ. ನನ್ನ ಕಾರಿನ ಮುಂದಿನ ಗಾಲಿಯ ರಿಮ್ಮಿನ ಮೇಲೆ ಗ್ರೀಸ್ ಮೆತ್ತಿದ ಬೆರಳಿಟ್ಟು, ಕತ್ತು ಹೊರಳಿಸಿ ನನ್ನ ಮುಖ ನೋಡಿ ಕೇಳಿದ. ಉತ್ತರ ನನಗೆ ಗೊತ್ತಿತ್ತು. ಆದರೂ ರಸ್ತೆಯ ಮೇಲೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರನ್ನು ಜೀವನದಲ್ಲೇ ಮೊದಲ ಸಲ ನೋಡುವವನ ಹಾಗೆ ನೋಡುತ್ತ ಗೊತ್ತಿಲ್ಲ ಅಂದುಬಿಟ್ಟೆ.

ಆ ಪ್ರಶ್ನೆ ಏನು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾರಿನ ಕಥೆ ಹೇಳಬೇಕು. ಕಾರಿನ ಕಥೆ ಹೇಳಬೇಕೆಂದರೆ ನಸೀಮಾಳ ಕಥೆ ಹೇಳಬೇಕು.

ನಸೀಮಾ ನನ್ನ ಹೆಂಡತಿ. ಈ ಅಂಕಣದ ಹಳೆಯ ಓದುಗರಿಗೆ ಅವಳ ಪರಿಚಯ ಬೇಕಿಲ್ಲ. ಹೊಸಬರಿಗಾಗಿ ಹೇಳುತ್ತೇನೆ: ನಾನು ಅಫಜಲಪುರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು, ಅವಳು ಅಲ್ಲೇ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುವವಳು. ಮನೆಯಲ್ಲಿ ನಮ್ಮ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡದಲ್ಲಿ. ತರಗತಿಯಲ್ಲಿ ಬೈದು ಬೈದು ಇಬ್ಬರಿಗೂ ಆ ಭಾಷೆಯಲ್ಲೇ ಬೈಗುಳ ರೂಢಿಯಾಗಿದೆ.

ಇಪ್ಪತ್ತೆರಡು ವರ್ಷ ಮಗ್ಗಿ ಹೇಳಿಕೊಟ್ಟ ಮೇಲೆ ಈ ವರ್ಷ ಅವಳ ಹೆಸರು ಬಡ್ತಿಯ ಪಟ್ಟಿಗೆ ಬಂತು. ಮುಖ್ಯ ಗುರುಗಳ ಹುದ್ದೆ. ಹತ್ತಿರದಲ್ಲಿ ಖಾಲಿ ಇದ್ದದ್ದು ಭೀಮಾ ಹೊಳೆಯಾಚೆ, ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಹತ್ತಿರ ಅಂದರೆ ನಕಾಶೆಯಲ್ಲಿ ಹತ್ತಿರ. ಬೆಳಗಿನ ಬಸ್ಸು ಆ ಊರು ಮುಟ್ಟುವ ಹೊತ್ತಿಗೆ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಎರಡನೇ ಪಿರಿಯಡ್ ನಡೆದಿರುತ್ತದೆ.

“ಹೆಡ್‌ಮಾಸ್ತರೇ ಲೇಟಾಗಿ ಬಂದ್ರ ಉಳದ ಮಾಸ್ತರಗೋಳಿಗಿ ಯಾವ ಬಾಯಿಲೆ ಕೇಳ್ಲಿರಿ ನಾ?” ಅಂದಳು ನಸೀಮಾ. ಕೇಳಿದ್ದು ನ್ಯಾಯವಾಗಿಯೇ ಇತ್ತು.

ಹಾಗಾಗಿ ಕಾರು ಬಂತು. ಬಿಳಿ ಬಣ್ಣದ್ದು, ಸೆಕೆಂಡ್ ಹ್ಯಾಂಡ್, ಗಾಲಿಗಳ ಮೇಲಿನ ಕ್ಯಾಪು ಇಲ್ಲದ್ದು. ನಲವತ್ತಾರನೇ ವಯಸ್ಸಿಗೆ ನಸೀಮಾ ಡ್ರೈವಿಂಗ್ ಕಲಿಯಲು ಹೋದಳು. ಮನೆಯವರೆಲ್ಲ ನಕ್ಕರು. (ನಾನೂ ನಕ್ಕೆ. ಸ್ವಲ್ಪ.) ಅವಳು ಗೇರ್ ಬದಲಿಸುವಾಗ ಬಾಯಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದಳು, ಹದಿನೇಳರ ಮಗ್ಗಿ. ಅದು ಎಲ್ಲಕ್ಕಿಂತ ಕಷ್ಟದ್ದಂತೆ, ಅದನ್ನು ಹೇಳುತ್ತಿದ್ದರೆ ಹೆದರಿಕೆಗೆ ತಲೆಯಲ್ಲಿ ಜಾಗ ಸಿಗುವುದಿಲ್ಲವಂತೆ. ಎರಡು ತಿಂಗಳಲ್ಲಿ ಲೈಸೆನ್ಸ್ ಬಂತು. ನನಗಿಂತ ಚೆನ್ನಾಗಿ ಓಡಿಸುತ್ತಾಳೆ ಎಂದು ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಆದರೆ ಇದನ್ನು ಬಾಯಿಬಿಟ್ಟು ಹೇಳುತ್ತಿರುವುದು ಈಗ, ಇಲ್ಲಿ.

ಯಾಕೆಂದರೆ ನಾನು ಐವತ್ತು ದಾಟದ ಮನುಷ್ಯ. ವಯಸ್ಸಲ್ಲ, ಸ್ಪೀಡು. ನಮ್ಮ ಕಡೆಯ ರಸ್ತೆಯಲ್ಲಿ ಐವತ್ತರ ಮೇಲೆ ಹೋಗುವವರು ತಲೆ ಕೆಟ್ಟವರು ಎಂದು ನಾನು ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಅವಳು ಒಳ್ಳೆಯ ರಸ್ತೆ ಸಿಕ್ಕರೆ ಎಪ್ಪತ್ತರಲ್ಲಿ ಹೋಗುತ್ತಾಳೆ. ಕೆಟ್ಟ ರಸ್ತೆ ಬಂದರೆ ಇಪ್ಪತ್ತಕ್ಕೆ ಇಳಿಸುತ್ತಾಳೆ. ನಾನು ಎರಡರಲ್ಲೂ ಐವತ್ತು.

ಒಂದು ರಜೆಯ ದಿನ ಅವಳೇ ಓಡಿಸಿಕೊಂಡು ಘತ್ತರಗಿ ಸೇತುವೆ ದಾಟಿ ಆ ಶಾಲೆ ನೋಡಿಬಂದೆವು. ನಾಲ್ಕು ಕೋಣೆ, ಒಂದು ಬೇವಿನ ಮರ, ಉದ್ದನೆಯ ಪಡಸಾಲೆ. ನಸೀಮಾ ಪಡಸಾಲೆಯನ್ನು ಹೆಜ್ಜೆ ಹಾಕಿ ಅಳೆದಳು. ಸೊನ್ನೆಯಿಂದ ನೂರರವರೆಗೆ ನೆಲದ ಮೇಲೆ ಬಣ್ಣದಲ್ಲಿ ಗೆರೆ ಎಳೆಸಬೇಕಂತೆ, ಮಕ್ಕಳು ಅದರ ಮೇಲೆ ಕುಪ್ಪಳಿಸಿಕೊಂಡೇ ಕೂಡಿಸುವುದು ಕಳೆಯುವುದು ಕಲಿಯಬೇಕಂತೆ. ಮನೆಗೆ ಬಂದವಳೇ ಚೌಕುಳಿ ಗೆರೆಯ ನೋಟ್‌ಬುಕ್ಕಿನಲ್ಲಿ ಅದರ ನಕ್ಷೆ ಬರೆದಳು. ಅಷ್ಟು ಖುಷಿಯಾಗಿ ನಾನು ಅವಳನ್ನು ನೋಡಿ ಬಹಳ ದಿನವಾಗಿತ್ತು.

ಅದಾದ ಮುಂದಿನ ಭಾನುವಾರ ಮಣ್ಣೂರಿಗೆ ಹೋದೆವು. ಅಲ್ಲಿ ನನ್ನ ಮಾಮು ಇದ್ದಾರೆ, ತಾಯಿಯ ತಮ್ಮ. ನಸೀಮಾ ಮಾಮಿಯ ಜೊತೆ ಮನೆಯಲ್ಲಿ ಕೂತಳು. ನಾನೂ ಮಾಮುವೂ ಕಾರು ತೆಗೆದುಕೊಂಡು ಭೀಮಾ ದಂಡೆಗೆ ಗಾಳ ಹಾಕಲು ಹೋದೆವು. ಎರಡು ಮೀನು ಸಿಕ್ಕವು. ಬರುವಾಗ ನಾನೇ ಓಡಿಸಿದೆ, ಐವತ್ತರಲ್ಲಿ. (ಆ ಎರಡು ಮೀನನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.)

ಮರುದಿನ ಸಂಜೆ ಪ್ರಾಕ್ಟೀಸ್ ಮುಗಿಸಿ ಬಂದ ನಸೀಮಾ ಅಂಗಳದಲ್ಲೇ ನಿಂತು ಹೇಳಿದಳು:

“ರೀ, ಸ್ಟೇರಿಂಗ್ ನಡಗಾಕತ್ತದ.”

“ನಡಗತದ ಅಂದ್ರ?”

“ಅರವತ್ತು ದಾಟಿದ ಮ್ಯಾಗ ಕೈಯಾಗ ಝುಮ್ ಝುಮ್ ಅಂತದ. ಎಪ್ಪತ್ತಕ್ಕ ಮೊಣಕೈತನಾ ನಡಗತದ.”

ನಾನು ಕೀಲಿ ತೆಗೆದುಕೊಂಡು ಅದೇ ಗಳಿಗೆಯಲ್ಲಿ ಪರೀಕ್ಷೆಗೆ ಹೊರಟೆ. ಬಸ್ ಸ್ಟ್ಯಾಂಡಿನವರೆಗೆ ಹೋದೆ, ಬಂದೆ. ಅಫಜಲಪುರದ ಪೇಟೆಯಲ್ಲಿ ಸಂಜೆ ಹೊತ್ತು ಯಾರಾದರೂ ಮೂವತ್ತು ದಾಟಿದ್ದರೆ ನನಗೆ ತೋರಿಸಿ. ಎಮ್ಮೆ ಇರುತ್ತವೆ, ತಳ್ಳುಗಾಡಿ ಇರುತ್ತವೆ, ನಡುರಸ್ತೆಯಲ್ಲಿ ಬೈಕು ನಿಲ್ಲಿಸಿ ಕ್ಷೇಮ ಸಮಾಚಾರ ಮಾತಾಡುವವರು ಇರುತ್ತಾರೆ. ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

“ನೋಡು, ನನ್ನ ಕೈಯಾಗ ನಡಗಂಗಿಲ್ಲ” ಅಂದೆ ಬಂದು.

ಅಷ್ಟೇ. ತೀರ್ಪು ಆಯಿತು. ನನ್ನ ಕೈಯಲ್ಲಿ ನಡುಗುವುದಿಲ್ಲ, ಅವಳ ಕೈಯಲ್ಲಿ ನಡುಗುತ್ತದೆ. ಹಾಗಾದರೆ ನಡುಗುವುದು ಯಾವುದು? ಗಣಿತದ ಟೀಚರ್ ಮುಂದೆ ನಾನು ಇಂಥ ಲೆಕ್ಕ ಮಾಡಿ ತೋರಿಸಿದೆ!

ಸುದ್ದಿ ಬೇಗ ಹಬ್ಬಿತು. ಡ್ರೈವಿಂಗ್ ಕಲಿಸಿದ ಉಸ್ತಾದರಿಗೆ ಫೋನ್ ಮಾಡಿದರೆ ಅವರು ನಕ್ಕು “ಮೇಡಮ್ಮೋರು ಟೆನ್ಶನ್ ತಗೋತಾರ್ರಿ ಸರ, ಹಾತ್ ಜರಾ ಸಡಿಲ ಬಿಡಂತ ಹೇಳ್ರಿ” ಅಂದರು. ಅವಳ ಅಣ್ಣ ಇನ್ನೊಂದು ಹೆಜ್ಜೆ ಮುಂದೆ ಹೋಗಿ “ಈ ವಯಸ್ಸಿನಾಗ ಬಿಪಿ ಒಮ್ಮೆ ತೋರಸ್ರಿ” ಅಂದ. ನಾವು ತೋರಿಸಿದೆವು ಕೂಡ. ನಿಜ, ನಗಬೇಡಿ. ಕಾರಿನ ಸ್ಟೇರಿಂಗ್ ನಡುಗುತ್ತದೆ ಎಂದು ಹೇಳಿದ ಹೆಂಗಸನ್ನು ನಾವು ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಬಿಪಿ ನಾರ್ಮಲ್ ಇತ್ತು. ಬರಿಗೈಯಲ್ಲಿ ಕಳಿಸುವುದು ಹೇಗೆಂದು ಅವರು ಶಕ್ತಿಗುಳಿಗೆ ಬರೆದುಕೊಟ್ಟರು. ಹದಿನೈದು ದಿನ ನಸೀಮಾ ಊಟವಾದ ಮೇಲೆ ಕಾರಿನ ರೋಗಕ್ಕೆ ಗುಳಿಗೆ ನುಂಗಿದಳು.

ಗುಳಿಗೆ ಮುಗಿದವು. ಸ್ಟೇರಿಂಗ್ ನಡುಗುತ್ತಲೇ ಇತ್ತು.

“ಗಾಲಿ ಒಮ್ಮೆ ಯಾರಿಗರ ತೋರಸ್ರಿ” ಅಂದಳು. ಈ ಸಲ ಅವಳ ದನಿಯಲ್ಲಿ ಬೇಡಿಕೆ ಇತ್ತು. ಅದನ್ನು ಈಗ ನೆನೆದರೆ ಸಂಕಟವಾಗುತ್ತದೆ.

ತೋರಿಸಿದೆ. ಮೊದಲು ಅಫಜಲಪುರದಲ್ಲೇ, ದಾರ ಕಟ್ಟಿ ಅಲೈನ್‌ಮೆಂಟ್ ನೋಡುವ ಹಳೆಯ ಮಿಸ್ತ್ರಿಗೆ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ದಾರ ಬಿಗಿದು, ಒಂದು ಕಣ್ಣು ಮುಚ್ಚಿ, ಟೇಪು ಹಿಡಿದು ಅಳೆಯುತ್ತಾರೆ. ನೋಡಲು ಬಹಳ ಚೆಂದದ ಕೆಲಸ. ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು, ಅದನ್ನು ಸರಿ ಮಾಡಿದರು. ನಮ್ಮ ಕಡೆ ಡಾಂಬರು ಕಿತ್ತ ಕಡೆಯಲ್ಲೆಲ್ಲ ಎಲ್ಲರೂ ಎಡಗಾಲಿ ಮಣ್ಣಿಗಿಳಿಸಿ ಓಡಿಸುತ್ತಾರೆ, ಹಾಗಾಗಿ ಪ್ರತಿ ಗಾಡಿಯೂ ಎಡಕ್ಕೇ ಎಳೆಯುತ್ತದೆ ಎಂದು ವಿವರಿಸಿದರು. ಆಮೇಲೆ ಕೇಳಿದರು:

“ಯಾರು ಓಡಸ್ತಾರ್ರಿ ಹೆಚ್ಚಿಗಿ?”

“ಮನಿಯವ್ರು.”

“ಹಾಂ...” ಅಂದರು. ಆ ಹಾಂ ಬಹಳ ಉದ್ದವಿತ್ತು.

ಆಮೇಲೆ ಆಳಂದ. ಅಲ್ಲಿ ಕಂಪ್ಯೂಟರ್ ಅಲೈನ್‌ಮೆಂಟ್ ಇದೆ, ನಾಲ್ಕೂ ಗಾಲಿಗೆ ಕನ್ನಡಿಯಂಥ ತಟ್ಟೆ ಸಿಕ್ಕಿಸಿ ಪರದೆಯ ಮೇಲೆ ತೋರಿಸುತ್ತಾರೆ ಎಂದು ಯಾರೋ ಹೇಳಿದರು. ಕಾಲೇಜಿಗೆ ರಜೆ ಹಾಕಿ ಹೋದೆ. ಹೋಗುವಾಗ ಐವತ್ತು, ಬರುವಾಗ ಐವತ್ತು. ಸ್ಟೇರಿಂಗ್ ಒಮ್ಮೆಯೂ ಮಿಸುಕಲಿಲ್ಲ. ಅಂಗಡಿಯ ಮನುಷ್ಯ ಒಳ್ಳೆಯವ, ಸರಿಯಾದ ಪ್ರಶ್ನೆಯನ್ನೇ ಕೇಳಿದ.

“ಏನ್ ತ್ರಾಸ ಅದ್ರಿ ಗಾಡೀದು?”

“ಮನಿಯವ್ರು ಓಡಸಿದ್ರ ಸ್ಟೇರಿಂಗ್ ನಡಗತದಂತ್ರಿ.”

“ಹಂಗಾರ ಬ್ಯಾಲೆನ್ಸಿಂಗ್ ಭಿ ಮಾಡ್ಲೇನ್ರಿ?”

“ಬ್ಯಾಡ್ರಿ, ನಾ ಓಡಸಿದ್ರ ನಡಗಂಗಿಲ್ಲ. ಬರೇ ಅಲೈನ್‌ಮೆಂಟ್ ಮಾಡ್ರಿ.”

ಓದುಗರೇ, ಈ ನಾಲ್ಕು ಸಾಲನ್ನು ನಾನು ಈ ವಾರವೆಲ್ಲ ತಲೆಯೊಳಗೆ ಓದುತ್ತಿದ್ದೇನೆ. ಮದ್ದು ಅಂಗೈಯಲ್ಲಿಟ್ಟು ಕೇಳಿದ ಮನುಷ್ಯನಿಗೆ ನಾನೇ ಬೇಡ ಅಂದಿದ್ದೆ. ಯಾಕೆ ಬೇಡ? ರೋಗ ಗಾಲಿಯಲ್ಲಿಲ್ಲ ಎಂದು ನಾನು ಮನೆಯಲ್ಲೇ ತೀರ್ಮಾನಿಸಿ ಬಂದಿದ್ದೆನಲ್ಲ!

ಆತ ಅಲೈನ್‌ಮೆಂಟ್ ಮಾಡಿ ಒಂದು ಹಾಳೆ ಪ್ರಿಂಟ್ ತೆಗೆದುಕೊಟ್ಟ. ಎಲ್ಲ ಅಂಕಿಗಳೂ ಹಸಿರು. ನಾನು ಆ ಹಾಳೆಯನ್ನು ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನಸೀಮಾಳ ಕಣ್ಣಿಗೆ ದಿನವೂ ಬೀಳಲಿ ಎಂದೇ ಅಲ್ಲಿ ಅಂಟಿಸಿದೆ.

“ಕಂಪ್ಯೂಟರೇ ಹೇಳ್ಯದ. ಗಾಡ್ಯಾಗ ಏನೂ ಇಲ್ಲ” ಅಂದೆ.

ಅವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಅಂಕಿಗಳನ್ನು ನಂಬುವ ಹೆಂಗಸು ಅವಳು. ಆಮೇಲೆ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಬೆರಳು ಅಗಲಿಸಿ ನೋಡಿಕೊಂಡಳು. ಸ್ಥಿರವಾಗಿಯೇ ಇದ್ದವು. ನಾನೂ ನೋಡಿದೆ. ನೋಡಿಯೂ ಹಾಳೆಯನ್ನು ಅಲ್ಲೇ ಬಿಟ್ಟೆ.

ಬಡ್ತಿಯವರು ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗಿಗೆ ಒಂದು ವಾರ ಉಳಿದಿತ್ತು. ಕೊನೆಯ ಸಲ ನೋಡಿಬಿಡೋಣ ಎಂದು ಘತ್ತರಗಿ ರಸ್ತೆಗೆ ಹೋದೆವು. ಅವಳು ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ. ಎರಡೂ ಬದಿ ತೊಗರಿ ಹೂವಾಗಿ ನಿಂತಿತ್ತು. ಅರವತ್ತಾಯಿತು. ಹದಿನೇಳರ ಮಗ್ಗಿ ಶುರುವಾಯಿತು. ಎಪ್ಪತ್ತಾಯಿತು. ಎದುರಿಗೆ ಬಸ್ಸು ಬಂತು. ಅವಳ ಕೈಗಳು ನಡುಗುವುದು ನನಗೆ ಕಂಡಿತು. ಕೈಗಳು ಮಾತ್ರ ಕಂಡವು ನೋಡಿ, ಅವು ಹಿಡಿದಿದ್ದ ಸ್ಟೇರಿಂಗ್ ಕಾಣಲಿಲ್ಲ.

“ಕೈ ಗಟ್ಟಿ ಹಿಡಿ!” ಎಂದು ಕಿರುಚಿದೆ.

ಬೆಚ್ಚಿಬಿದ್ದಳು. ಗಾಡಿ ಎಡಕ್ಕೆ ಹೊರಳಿತು. ಡಾಂಬರು ಬಿಟ್ಟು, ಎರೆಮಣ್ಣಿಗಿಳಿದು, ತೊಗರಿಯ ಎರಡು ಸಾಲು ಮುರಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಸ್ಸಿನ ಡ್ರೈವರ್ ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕೇಳಿದ:

“ಯಾಕ್ರಿ ಸರ, ಹೆಣ್ಮಕ್ಕಳ ಕೈಯಾಗ ಯಾಕ ಕೊಡ್ತೀರಿ?”

ನಾನು ತಲೆಯಾಡಿಸಿದೆ. ಹೌದಪ್ಪ, ತಪ್ಪಾಯಿತು ಅನ್ನುವ ಹಾಗೆ. ನಸೀಮಾ ಅದನ್ನು ನೋಡಿದಳು.

ಅವಳು ಎಂಜಿನ್ ಬಂದ್ ಮಾಡಿದಳು. ಇಳಿದು ಗಾಡಿಯ ಸುತ್ತ ನಡೆದು ಬಂದು ನನ್ನ ಬದಿಯ ಬಾಗಿಲು ತೆಗೆದು ಕೀಲಿ ನನ್ನ ಕೈಗೆ ಕೊಟ್ಟಳು. “ನನ್ನ ಕೈನೇ ಸರಿ ಇಲ್ಲ ಬಿಡ್ರಿ” ಅಂದಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ಅವಳು ಒಪ್ಪಿಕೊಂಡಿದ್ದಳು. ಅದೇ ಎಲ್ಲಕ್ಕಿಂತ ಕೆಟ್ಟದ್ದು. ದಾರಿಯುದ್ದಕ್ಕೂ ನಾನು ಐವತ್ತರಲ್ಲಿ ಓಡಿಸಿಕೊಂಡು ಬಂದೆ. ಅವಳು ಹೊರಗೆ ನೋಡುತ್ತ ಕೂತಿದ್ದಳು.

ಕೌನ್ಸೆಲಿಂಗ್ ದಿನ ಅವಳು ಬಡ್ತಿ ಬೇಡವೆಂದು ಬರೆದುಕೊಟ್ಟಳು. ಒಕ್ಕಣೆ ನನ್ನದೇ. ಕನ್ನಡ ಮಾಸ್ತರನಲ್ಲವೇ? ‘ವೈಯಕ್ತಿಕ ಕಾರಣಗಳಿಂದಾಗಿ’ ಎಂದು ಶುರುವಾಗಿ ‘ವಿಧೇಯಳು’ ಎಂದು ಮುಗಿಯುವ ಪತ್ರ. ಬಹಳ ಚೊಕ್ಕವಾಗಿ ಬಂದಿದೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ ಕೂಡ. ಒಮ್ಮೆ ಬೇಡ ಅಂದವರ ಹೆಸರು ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಆ ಶಾಲೆಗೆ ಬೇರೆಯವರು ಹೋಗಿ ಸೇರಿಕೊಂಡರು. ಪಡಸಾಲೆಯ ನಕ್ಷೆಯಿದ್ದ ನೋಟ್‌ಬುಕ್ಕು ಕಪಾಟಿನ ಮೇಲೆ ಹೋಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ನೆಮ್ಮದಿಯಿಂದ ಇರುತ್ತಿದ್ದೆ. ತಪ್ಪು ಮಾಡಿಯೂ ಗೊತ್ತಾಗದೆ ಇರುವಷ್ಟು ಸುಖ ಬೇರೆ ಯಾವುದಿದೆ ಹೇಳಿ?

ಹೋದ ಬುಧವಾರ ಜೇವರ್ಗಿಯಲ್ಲಿ ನಮ್ಮ ಕಾಲೇಜಿನ ಗುಮಾಸ್ತರ ಮಗಳ ಮದುವೆ ಇತ್ತು. ಇಬ್ಬರು ಸಹೋದ್ಯೋಗಿಗಳ ಜೊತೆ ಇದೇ ಕಾರಿನಲ್ಲಿ ಹೊರಟೆ. ಅವರಲ್ಲೊಬ್ಬ ಇತಿಹಾಸ ಹೇಳುವ ಹುಡುಗಪ್ರಾಯದ ಲೆಕ್ಚರರ್. ಮದುವೆಯಾಗಿ ವರ್ಷವಾಗಿಲ್ಲ, ಎಲ್ಲದರಲ್ಲೂ ಅವಸರ. ನನ್ನ ಐವತ್ತನ್ನು ಅರ್ಧ ಗಂಟೆ ಸಹಿಸಿಕೊಂಡು, “ಸರ, ಮುಹೂರ್ತ ಮುಗೀತದ್ರಿ, ನಾ ಓಡಸ್ತೇನಿ ಕೊಡ್ರಿ” ಎಂದು ಕೀಲಿ ಕಸಿದುಕೊಂಡ.

ಐದು ನಿಮಿಷವೂ ಆಗಿರಲಿಲ್ಲ.

“ಸರ, ನಿಮ್ಮ ಗಾಡಿ ಸ್ಟೇರಿಂಗ್ ಬಹಳ ನಡಗತದಲ್ರಿ! ಮುಂದಿನ ಗಾಲಿ ಬ್ಯಾಲೆನ್ಸಿಂಗ್ ಹೋಗ್ಯದ್ರಿ.”

“ಹೌದಾ?” ಅಂದೆ. “ಹಂಗಾರ ಜೇವರ್ಗ್ಯಾಗ ಇವತ್ತೇ ತೋರಸೋಣು.”

ಈ ಉತ್ತರವನ್ನು ಇನ್ನೊಮ್ಮೆ ಓದಿ. ನಾನು ಅವನಿಗೆ ಕೈ ಗಟ್ಟಿ ಹಿಡಿ ಅನ್ನಲಿಲ್ಲ. ಟೆನ್ಶನ್ ತಗೋಬೇಡ ಅನ್ನಲಿಲ್ಲ. ನಿನ್ನ ಬಿಪಿ ಎಷ್ಟಪ್ಪಾ ಎಂದು ಕೇಳಲಿಲ್ಲ. ಫ್ರಿಜ್ಜಿನ ಮೇಲಿನ ಹಸಿರು ಹಾಳೆ ನೆನಪಿಗೂ ಬರಲಿಲ್ಲ. ಹೆಂಡತಿ ಒಂದೂವರೆ ತಿಂಗಳು ಹೇಳಿದ ಮಾತನ್ನು ಒಬ್ಬ ಗಂಡಸು ಐದು ನಿಮಿಷದಲ್ಲಿ ಹೇಳಿದ, ನಾನು ಒಂದು ಕ್ಷಣದಲ್ಲಿ ನಂಬಿದೆ. ನಂಬಿದ ಮೇಲೆ ನನಗೆ ಹೊಳೆಯಿತು, ಇದು ನಾನು ಮೊದಲೇ ಕೇಳಿದ ಮಾತಲ್ಲವೇ ಎಂದು.

ಮದುವೆಯ ಊಟ ಅರ್ಧಕ್ಕೇ ಬಿಟ್ಟೆ. ಎದ್ದು ಗಾಲಿ ಅಂಗಡಿಗೆ ಹೋದೆ.

ಶರಣಪ್ಪ ಎಂದು ಕರೆಯೋಣ ಆ ಮಿಸ್ತ್ರಿಯನ್ನು. ಅರವತ್ತರ ಆಸುಪಾಸು, ಹೆಗಲ ಮೇಲೆ ಟವೆಲ್ಲು, ಮಾತಿಗಿಂತ ಮೊದಲು ಕಣ್ಣು ಓಡಿಸುವ ಮನುಷ್ಯ. ತೊಂದರೆ ಏನೆಂದು ಕೇಳಲೇ ಇಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದ, ಮುಂದಿನ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ, ರಿಮ್ಮಿನ ಅಂಚನ್ನು ಬೆರಳಿನಿಂದ ಸವರಿದ.

ಆಳಂದದ ಹಾಳೆಯ ಕಥೆ ಹೇಳಿದೆ. ಆತ ತಲೆಯಾಡಿಸಿದ.

“ಅಲೈನ್‌ಮೆಂಟ್ ಬ್ಯಾರೆ, ಇದು ಬ್ಯಾರೆ ನೋಡ್ರಿ. ಗಾಲಿ ಯಾ ದಿಕ್ಕಿಗಿ ಮಾರಿ ಮಾಡಿ ನಿಂತದ ಅನ್ನೋದು ಅಲೈನ್‌ಮೆಂಟ್. ಗಾಡಿ ಒಂದ್ ಬದಿಗಿ ಎಳೀತಿದ್ರ, ಟೈರ್ ಒಂದ್ ಬದಿ ಸವೀತಿದ್ರ ಅದು ನೋಡ್ಬೇಕು. ನಡಗೂದು ತೂಕದ ಮಾತು. ಗಾಲಿ ಒಂದ್ ಕಡಿ ಹಗರ, ಒಂದ್ ಕಡಿ ವಜ್ಜ ಆದ್ರ ಜೋರ್ ತಿರಗುವಾಗ ಕುಣೀತದ. ಅದು ಸೀದಾ ಸ್ಟೇರಿಂಗಿಗಿ ಬಂದು ಬಡೀತದ.”

“ಸಾವಕಾಶ ಹ್ವಾದ್ರ?”

“ಸಾವಕಾಶ ಹ್ವಾದ್ರ ಏನೂ ಗೊತ್ತಾಗಂಗಿಲ್ರಿ. ಅರವತ್ತು ದಾಟ್ಬೇಕು.”

ಅರವತ್ತು ದಾಟಬೇಕು. ಅಕ್ಷರ ಬಿಡದೆ ಅವಳದೇ ಮಾತು.

ಆಮೇಲೆ ಆತ ಬೆರಳು ನಿಲ್ಲಿಸಿದ. ರಿಮ್ಮಿನ ಅಂಚಿನಲ್ಲಿ ಬೆರಳುದ್ದದ ಒಂದು ಜಾಗ ಮಾತ್ರ ಧೂಳು ತುಕ್ಕು ಇಲ್ಲದೆ ಮಿಂಚುತ್ತಿತ್ತು. ಸ್ವಲ್ಪ ದೂರದಲ್ಲಿ ಅಂಥದೇ ಇನ್ನೊಂದು. ಬಲಗಡೆಯ ಗಾಲಿಯಲ್ಲಿ ಮತ್ತೊಂದು. ಆಗ ಕೇಳಿದ ಆ ಪ್ರಶ್ನೆಯನ್ನು:

“ಇಲ್ಲಿ ತೂಕ ಸರಿ ಮಾಡೂ ಸೀಸ ಇತ್ತಲ್ರಿ ಸರ. ಯಾರು ಕಿತ್ತಾರ?”

“ಗೊತ್ತಿಲ್ರಿ.”

“ಹೊಳಿ ಕಡೆ ಹೋಗಿದ್ರೇನು? ಗಾಳ ಹಾಕೋ ಮಂದಿ ಕಿತಗೋತಾರ್ರಿ ಇವ್ನ. ತಿಳಿಲಾರದ ಮಂದಿ.”

ಟ್ರ್ಯಾಕ್ಟರು ಆಗಲೇ ಹೋಗಿಬಿಟ್ಟಿತ್ತು. ನೋಡಲು ನನಗೆ ಬೇರೆ ಏನೂ ಉಳಿದಿರಲಿಲ್ಲ.

ಮಣ್ಣೂರಿನ ಆ ಭಾನುವಾರಕ್ಕೆ ವಾಪಸು ಬನ್ನಿ. ಭೀಮಾ ದಂಡೆ, ನಾನು, ಮಾಮು. ನನ್ನ ಗಾಳದ ದಾರ ಕಲ್ಲಿಗೆ ಸಿಕ್ಕಿ ಹರಿಯಿತು. ಕೊಕ್ಕೆ ಇನ್ನೊಂದಿತ್ತು, ದಾರವನ್ನು ನೀರಿನಾಳಕ್ಕೆ ಇಳಿಸುವ ಸೀಸದ ಗುಂಡು ಇರಲಿಲ್ಲ. ಹೊಳೆಯ ಊರಿನವರಿಗೆ ಇದು ಹೊಸ ಸಮಸ್ಯೆಯಲ್ಲ. ಟೈರ್ ಅಂಗಡಿಗಳ ಮುಂದೆ ಕಸದಲ್ಲಿ ಸೀಸದ ಸಣ್ಣ ತುಂಡುಗಳು ಬಿದ್ದಿರುತ್ತವೆ. ಚಿಕ್ಕಂದಿನಿಂದ ನಾವೆಲ್ಲ ಅದನ್ನೇ ಆಯ್ದು ತಂದು, ಕಲ್ಲಿನಿಂದ ಜಜ್ಜಿ ಗಾಳಕ್ಕೆ ಕಟ್ಟಿದವರು. ಅವು ಟೈರ್ ಅಂಗಡಿಯ ಮುಂದೆ ಯಾಕೆ ಬಿದ್ದಿರುತ್ತವೆ? ನಲವತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕಸ ಅಂದುಕೊಂಡಿದ್ದೆ.

ಕಾರಿನ ನೆರಳಲ್ಲಿ ಕೂತಿದ್ದಾಗ ಕಣ್ಣೆದುರಿಗೇ ಕಂಡಿತು. ರಿಮ್ಮಿನ ಅಂಚಿಗೆ ಕಚ್ಚಿಕೊಂಡು ಕೂತ ಸೀಸ, ನಮ್ಮ ಕಸದ ಸೀಸವೇ!

“ಮಾಮು, ಇದೇನು ಇಲ್ಲಿ ಹತ್ತಿಕೊಂಡದ?”

ಮಾಮು ಬಗ್ಗಿ ನೋಡಿದರು. ಎಪ್ಪತ್ತು ವರ್ಷದ ಅನುಭವದಿಂದ ಹೇಳಿದರು: “ಕಂಪನಿಯವ್ರು ಮಾಡುವಾಗ ಹಂಗೇ ಉಳದಿರ್ತದ. ಕಿತ್ತು ತಗೊ.” ಇಕ್ಕಳವನ್ನೂ ಕೊಟ್ಟರು.

ಮೂರು ತುಂಡು ಕಿತ್ತೆ. ಎಡಗಾಲಿಯಿಂದ ಎರಡು, ಬಲಗಾಲಿಯಿಂದ ಒಂದು. ಎರಡು ಮೀನು ಸಿಕ್ಕವು.

ಶರಣಪ್ಪ ಎರಡೂ ಗಾಲಿ ಬಿಚ್ಚಿ ಮಷಿನ್ನಿಗೆ ಹಾಕಿ ತಿರುಗಿಸಿದ. ಬಡಿದು ಕೂರಿಸಿದ ಹೊಸ ಸೀಸದ ತುಂಡುಗಳು ಅಂಗೈಯಲ್ಲಿ ಹಿಡಿದರೆ ಇದ್ದದ್ದೂ ಗೊತ್ತಾಗದಂಥವು. ಒಂದು ಹೆಂಗಸಿನ ಇಪ್ಪತ್ತೆರಡು ವರ್ಷವನ್ನು ರಸ್ತೆಯಿಂದ ಕೆಳಗಿಳಿಸಲು ಅಷ್ಟು ಸಾಕಾಯಿತು. ಕೆಲಸ ಮುಗಿಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ವಾಪಸು ಬರುವಾಗ ನಾನೇ ಓಡಿಸಿದೆ. ಒಳ್ಳೆಯ ರಸ್ತೆ ಬಂದ ಕಡೆ ಕಾಲು ಒತ್ತಿದೆ. ಅರವತ್ತು. ಎಪ್ಪತ್ತು. ಎಂಬತ್ತು. ಇತಿಹಾಸದ ಲೆಕ್ಚರರ್ “ಅರೇ ಸರ!” ಎಂದು ಚಪ್ಪಾಳೆ ತಟ್ಟಿದ. ಸ್ಟೇರಿಂಗ್ ನನ್ನ ಕೈಯಲ್ಲಿ ನಿದ್ದೆ ಹೋದ ಹಾಗಿತ್ತು. ನನ್ನ ಕಣ್ಣು ತುಂಬಿಕೊಂಡವು. ಧೂಳು ಎಂದು ಹೇಳಿ ಗಾಜು ಏರಿಸಿದೆ. ಅಂದು ನಾನು ಹೇಳಿದ ಎರಡನೇ ಸುಳ್ಳು ಅದು.

ಗಾಡಿಯ ಬಗ್ಗೆ ನನಗೀಗ ಒಂದಿಷ್ಟು ಗೊತ್ತಿದೆ. ಎಳೆದರೆ ಅಲೈನ್‌ಮೆಂಟ್ ನೋಡಿಸಿ, ನಡುಗಿದರೆ ಬ್ಯಾಲೆನ್ಸಿಂಗ್ ಮಾಡಿಸಿ, ಗಾಲಿಯ ಮೇಲಿನ ಸೀಸವನ್ನು ಯಾರೂ ಕೀಳಬೇಡಿ. ಆದರೆ ಇದನ್ನು ಹೇಳಲು ಅಂಕಣ ಬೇಕೇ? ಶರಣಪ್ಪನಂಥವರು ಪ್ರತಿ ಊರಿನಲ್ಲೂ ಇದ್ದಾರೆ. ನನಗೆ ತಿಳಿಯದಿರುವುದು ಬೇರೆ. ಯಂತ್ರ ನಡುಗಿದರೆ ನಾವು ಯಂತ್ರ ಬಿಟ್ಟು ಅದನ್ನು ಹಿಡಿದ ಕೈ ಯಾರದೆಂದು ಮೊದಲು ನೋಡುತ್ತೇವಲ್ಲ, ಇದನ್ನು ಯಾವ ಅಂಗಡಿಯಲ್ಲಿ ತೋರಿಸುವುದು? ನಾನು ಓದಿದವನು, ಬರೆಯುವವನು. ಹೆಣ್ಣುಮಕ್ಕಳ ಮಾತಿಗೆ ಬೆಲೆ ಕೊಡಿ ಎಂದು ಇದೇ ಜಾಗದಲ್ಲಿ ಎಷ್ಟು ಸಲ ಬರೆದಿಲ್ಲ! ಮನೆಯಲ್ಲಿ ಒಬ್ಬಳು ಒಂದೇ ವಾಕ್ಯವನ್ನು ಒಂದೂವರೆ ತಿಂಗಳು ಹೇಳಿದರೂ ಕೇಳಲಿಲ್ಲ. ನಾನೇ ಹೀಗಿದ್ದರೆ ಉಳಿದವರಿಂದ ಏನು ನಿರೀಕ್ಷೆ ಮಾಡಲಿ? ಇನ್ನೊಂದು ಅಂಕಣ ಬರೆದರೆ ಇದು ಸರಿಯಾಗುತ್ತದೆ ಎಂದು ನನಗಂತೂ ಅನ್ನಿಸುವುದಿಲ್ಲ.

ಮನೆಗೆ ಬಂದಾಗ ನಸೀಮಾ ವರಾಂಡದಲ್ಲಿ ಚಾಪೆ ಹಾಸಿ ಮಕ್ಕಳ ಟೆಸ್ಟ್ ಪೇಪರು ತಿದ್ದುತ್ತಿದ್ದಳು. ಅಂಕ ಬರೆದುಕೊಳ್ಳಲು ಚೌಕುಳಿ ಗೆರೆಯ ಅದೇ ನೋಟ್‌ಬುಕ್ಕು ಕೆಳಗಿಳಿದಿತ್ತು. ಪಡಸಾಲೆಯ ನಕ್ಷೆಯ ಹಿಂಬದಿಯ ಹಾಳೆಯಲ್ಲಿ ಹೆಸರುಗಳ ಪಟ್ಟಿ.

ನಿಂತುಕೊಂಡೇ ಎಲ್ಲ ಹೇಳಿದೆ. ಸೀಸ, ಇಕ್ಕಳ, ಮಾಮು, ಶರಣಪ್ಪ. ಯಾವುದನ್ನೂ ಬಿಡಲಿಲ್ಲ, ಆಳಂದದಲ್ಲಿ ಬೇಡ ಅಂದದ್ದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದೆ. ಕನ್ನಡದಲ್ಲಿ, ಪೂರ್ತಿ ಕನ್ನಡದಲ್ಲಿ ಬೈದರೆ ಬದುಕಿಕೊಂಡೆ ಅಂದುಕೊಂಡೆ. ಅವಳು ಕೆಂಪು ಪೆನ್ನಿನ ಕ್ಯಾಪು ಮುಚ್ಚಿದಳು.

“ಎಷ್ಟ್ ಮೀನ ತಂದಿದ್ರಿ ಅವತ್ತ?”

“ಎರಡು.”

“ಹೌದು, ಎರಡೇ. ನಾನೇ ಹುರದಿದ್ದೆ” ಅಂದಳು. “ನಿಮ್ಮ ತಾಟಿಗಿ ದೊಡ್ಡದು ಹಾಕಿದ್ದೆ.”

ಅಷ್ಟು ಹೇಳಿ ಪೆನ್ನಿನ ಕ್ಯಾಪು ತೆಗೆದು ಮತ್ತೆ ತಿದ್ದಲು ಕೂತಳು. ನಾನು ಒಳಗೆ ಹೋಗಿ ಫ್ರಿಜ್ಜಿನ ಮೇಲಿನ ಹಸಿರು ಹಾಳೆ ಕಿತ್ತು ಹರಿದು ಹಾಕಿದೆ. ಹೊರಗೆ ಬಂದು ಕಾರಿನ ಕೀಲಿಯನ್ನು ಅವಳ ಮುಂದೆ, ಪೇಪರುಗಳ ಪಕ್ಕದಲ್ಲಿಟ್ಟೆ.

“ಗಾಡಿ ಈಗ ಎಂಬತ್ತಕ್ಕೂ ಸೀದಾ ಹೋಗ್ತದ ನಸೀಮಾ. ನೀನೇ ಓಡಸಿ ನೋಡು” ಅಂದೆ.

ಅವಳು ಪೇಪರಿನಿಂದ ತಲೆ ಎತ್ತಲಿಲ್ಲ.

“ಎಲ್ಲಿಗ್ರಿ?” ಎಂದು ಕೇಳಿದಳು.